ಫ್ಲಶ್ ಟ್ಯಾಂಕ್ ತುಂಬುತ್ತಲೇ ಇದೆಯಾ? ವಾಲ್ವ್ ಬದಲಾಯಿಸಲು ಒಪ್ಪುವ ಮೊದಲು ಓದಿ

ಫ್ಲಶ್ ಟ್ಯಾಂಕ್‌ನಲ್ಲಿ ನೀರು ನಿಲ್ಲುತ್ತಿಲ್ಲ ಅಂತ ಪ್ಲಂಬರ್ ಕರೆಸಿದ್ದೀರಿ. ಅವರು ಮುಚ್ಚಳ ತೆಗೆದು, ಒಮ್ಮೆ ಇಣುಕಿ, ‘ಇನ್‌ಲೆಟ್ ವಾಲ್ವ್ (ಟ್ಯಾಂಕಿಗೆ ನೀರು ಬಿಡುವ ವಾಲ್ವ್) ಹೋಗಿದೆ, ಹೊಸದು ಹಾಕಬೇಕು’ ಅಂದರೆ ದಯವಿಟ್ಟು ಅಲ್ಲೇ ತಡೆಯಿರಿ. ನೀರು ಯಾವ ದಾರಿಯಲ್ಲಿ ಹೊರಗೆ ಹೋಗುತ್ತಿದೆ, ತೋರಿಸಿ ಅಂತ ಕೇಳಿ. ಅದನ್ನು ತೋರಿಸುವ ತನಕ ಸ್ಪ್ಯಾನರ್ ಹಚ್ಚಲು ಬಿಡಬೇಡಿ.

ನಮ್ಮ ಮನೆಯಲ್ಲಿ ಟ್ಯಾಂಕ್ ತುಂಬಿ ಸುಮ್ಮನಾಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಯಾರೂ ಫ್ಲಶ್ ಮಾಡದಿದ್ದರೂ ಮತ್ತೆ ಸುಯ್ಯೆಂದು ತುಂಬಲು ಶುರು. ಬಂದ ಪ್ಲಂಬರ್ ಇನ್‌ಲೆಟ್ ವಾಲ್ವ್ ಬದಲಾಯಿಸಿದರು. ಸದ್ದು ನಿಲ್ಲಲಿಲ್ಲ. ಮತ್ತೆ ಕರೆದಾಗ ‘ಈ ಪೀಸೇ ಸರಿಯಿಲ್ಲ’ ಅಂತ ಇನ್ನೊಂದು ಹಾಕಿದರು. ಅದೂ ಹಾಗೇ. ಕೊನೆಗೆ ‘ಕೆಳಗೆ ಲೂಸ್ ಇರಬೇಕು’ ಅಂತ ಟ್ಯಾಂಕ್ ಅಡಿಯ ಪ್ಲಾಸ್ಟಿಕ್ ನಟ್ಟಿಗೆ ದೊಡ್ಡ ಪೈಪ್ ರೆಂಚ್ ಹಾಕಿ ಬಲವಾಗಿ ಬಿಗಿದು ಹೋದರು. ಬೆಳಿಗ್ಗೆ ಎದ್ದಾಗ ನೆಲವೆಲ್ಲ ನೀರು. ನಟ್ಟಿನ ಪಕ್ಕದಿಂದ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಸಣ್ಣ ಸೀಳು ಬಿಟ್ಟಿತ್ತು. ಒಂದು ರಬ್ಬರ್ ವಾಷರ್‌ನಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಟ್ಯಾಂಕನ್ನೇ ಕಳೆದುಕೊಂಡೆವು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಇನ್‌ಲೆಟ್ ವಾಲ್ವ್ ಮೇಲೆ ಎಲ್ಲರಿಗೂ ಅನುಮಾನ ಬರುವುದು ಸದ್ದು ಅಲ್ಲಿಂದ ಬರುವ ಕಾರಣಕ್ಕೆ. ಆದರೆ ಅದು ತನ್ನ ಕೆಲಸ ಮಾಡುತ್ತಿರಬಹುದು, ಅಲ್ವಾ? ನೀರಿನ ಮಟ್ಟ ಇಳಿದರೆ ಅದರ ಮೇಲೆ ತೇಲುವ ಫ್ಲೋಟ್ ಇಳಿಯುತ್ತದೆ, ಫ್ಲೋಟ್ ಇಳಿದರೆ ವಾಲ್ವ್ ತೆರೆಯುತ್ತದೆ. ಮಟ್ಟ ಯಾಕೆ ಇಳಿಯುತ್ತಿದೆ ಅನ್ನುವುದೇ ನಿಜವಾದ ಪ್ರಶ್ನೆ. ನೀರು ಕಮೋಡಿಗೆ ಹೋಗಲು ಎರಡೇ ದಾರಿ. ಒಂದು, ಟ್ಯಾಂಕ್ ನಡುವೆ ನಿಂತಿರುವ ಓವರ್‌ಫ್ಲೋ ಪೈಪಿನ ಬಾಯಿಯೊಳಗೆ ಉಕ್ಕಿ ಹೋಗುವುದು. ಇನ್ನೊಂದು, ತಳದ ಫ್ಲಶ್ ವಾಲ್ವಿನ ರಬ್ಬರ್ ಸರಿಯಾಗಿ ಕೂರದೆ ಸೋರುವುದು.

ಯಾವ ದಾರಿ ಅಂತ ನೀವೇ ಕಂಡುಹಿಡಿಯಬಹುದು. ಟ್ಯಾಂಕ್ ತುಂಬಿದ ಮೇಲೆ ಕೆಳಗಿನ ಆಂಗಲ್ ಕಾಕ್ (ಟ್ಯಾಂಕಿಗೆ ನೀರು ಬರುವ ಪೈಪಿನ ನಲ್ಲಿ) ಮುಚ್ಚಿ. ನೀರು ನಿಂತ ಜಾಗದಲ್ಲಿ ಒಳಗೋಡೆಗೆ ಪೆನ್ಸಿಲ್ ಗೆರೆ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಹೊರಗೆಲ್ಲೂ ಸೋರದೆ ನೀರು ಗೆರೆಯಿಂದ ಕೆಳಗಿಳಿದಿದ್ದರೆ ತಪ್ಪು ತಳದಲ್ಲಿದೆ, ಇನ್‌ಲೆಟ್ ವಾಲ್ವ್ ತಂಟೆಗೇ ಹೋಗಬೇಡಿ. ಆದರೆ ನಡುವೆ ಎಲ್ಲೋ ಒಂದು ಮಟ್ಟಕ್ಕೆ ಇಳಿದು ನಿಂತರೆ ಓವರ್‌ಫ್ಲೋ ಪೈಪ್ ಅದೇ ಎತ್ತರದಲ್ಲಿ ಬಿರಿದಿರಬಹುದು. ಗೆರೆ ಬಿಟ್ಟು ಅಲ್ಲಾಡದಿದ್ದರೆ ಕಾಕ್ ತೆರೆದು ನೋಡಿ. ನೀರು ಏರಿ ಓವರ್‌ಫ್ಲೋ ಪೈಪಿನೊಳಗೆ ಇಳಿಯುತ್ತಿದೆಯಾ? ಆಗ ಮಾತ್ರ ಇನ್‌ಲೆಟ್ ಕಡೆ ತಿರುಗಿ. ಅಡುಗೆಗೆ ಬಳಸುವ ಬಣ್ಣವನ್ನು ಟ್ಯಾಂಕಿಗೆ ಹಾಕಿಯೂ ನೋಡಬಹುದು. ಮಟ್ಟ ಓವರ್‌ಫ್ಲೋ ಬಾಯಿಗಿಂತ ಕೆಳಗಿದ್ದೂ ಫ್ಲಶ್ ಮಾಡದೆ ಕಮೋಡಿನಲ್ಲಿ ಬಣ್ಣ ಕಾಣಿಸಿದರೆ ತಳ ಸೋರುತ್ತಿದೆ.

ನಮ್ಮಲ್ಲಿ ಕೊನೆಗೆ ಬಂದ ಇನ್ನೊಬ್ಬ ಹಿರಿಯ ಪ್ಲಂಬರ್ ಒಡೆದ ಟ್ಯಾಂಕಿನ ಫ್ಲಶ್ ವಾಲ್ವ್ ಬಿಚ್ಚಿ ಕೈಗೆ ಕೊಟ್ಟರು. ರಬ್ಬರ್ ಮೆತ್ತಗಾಗಿ, ಮುಟ್ಟಿದರೆ ಬೆರಳಿಗೆ ಮಸಿಯಂತೆ ಕಪ್ಪು ಹತ್ತುತ್ತಿತ್ತು. ಅದು ಕೂರುವ ಅಂಚಿನ ಸುತ್ತ ಗಡಸು ನೀರಿನ ಬಿಳಿ ಪದರ, ಉಗುರಿಗೆ ಒರಟಾಗಿ ತಾಗುತ್ತಿತ್ತು. ಅಷ್ಟು ಸಾಕು ನೀರು ನುಸುಳಲು. ಟ್ಯಾಂಕ್ ಒಳಗೆ ಹಾಕುವ ಕ್ಲೋರಿನ್ ಗುಳಿಗೆಗಳೂ ರಬ್ಬರನ್ನು ಹೀಗೇ ಹಾಳು ಮಾಡುತ್ತವೆ. ಅವನ್ನು ಹಾಕಲೇಬೇಡಿ.

ತಳ ಸೋರುತ್ತಿದ್ದರೆ ಹೆಚ್ಚಿನ ಎರಡು ಬಟನ್ ಟ್ಯಾಂಕ್‌ಗಳಲ್ಲಿ ನಡುವಿನ ಫ್ಲಶ್ ಭಾಗವನ್ನು ಸ್ವಲ್ಪ ತಿರುಗಿಸಿ ಮೇಲೆತ್ತಿದರೆ ಹೊರಗೆ ಬರುತ್ತದೆ. ಅಂಚನ್ನು ಬಟ್ಟೆಯಿಂದ ಉಜ್ಜಿ, ವಾಷರ್ ಬದಲಾಯಿಸಿ. ಹಳೆಯದನ್ನು ಅಂಗಡಿಗೆ ತೆಗೆದುಕೊಂಡೇ ಹೋಗಿ, ಅಳತೆಗಳು ಬೇರೆ ಬೇರೆ ಇರುತ್ತವೆ. ಬಟನ್ ಅರ್ಧಕ್ಕೆ ಸಿಕ್ಕಿಕೊಂಡಿದ್ದರೂ ರಬ್ಬರ್ ಕೂರುವುದಿಲ್ಲ, ಅದನ್ನೂ ನೋಡಿ.

ಮೇಲಿಂದ ಹೋಗುತ್ತಿದ್ದರೆ ಫ್ಲೋಟನ್ನು ಕೈಯಿಂದ ಎತ್ತಿ. ನೀರು ನಿಂತರೆ ವಾಲ್ವ್ ಚೆನ್ನಾಗಿದೆ. ಮಟ್ಟ ಓವರ್‌ಫ್ಲೋ ಬಾಯಿಗಿಂತ ಸುಮಾರು 2.5 ಸೆಂಟಿಮೀಟರ್ ಕೆಳಗೆ ನಿಲ್ಲುವಂತೆ ಫ್ಲೋಟ್ ಇಳಿಸಿದರೆ ಮುಗಿಯಿತು. ಎತ್ತಿದರೂ ನಿಲ್ಲದಿದ್ದರೆ ವಾಲ್ವಿನೊಳಗೆ ಮರಳು, ಕಸ ಸಿಕ್ಕಿರಬಹುದು. ಮೊದಲು ತೊಳೆದು ನೋಡಿ, ಆಮೇಲೆ ಹೊಸದರ ಮಾತು.

ನಟ್ಟಿನ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ. ಟ್ಯಾಂಕ್ ಅಡಿಯಲ್ಲಿ ನೀರು ತಡೆಯುವುದು ರಬ್ಬರ್ ವಾಷರ್, ಬಿಗಿತವಲ್ಲ. ಕೈಯಲ್ಲಿ ಬಿಗಿದು, ಬೇಕಿದ್ದರೆ ಕಾಲು ಸುತ್ತು ಜಾಸ್ತಿ ತಿರುಗಿಸಿದರೆ ಸಾಕು. ಪೈಪ್ ರೆಂಚ್ ಹಿಡಿದವರನ್ನು ಕಂಡರೆ ಸಂಕೋಚ ಬಿಟ್ಟು ನಿಲ್ಲಿಸಿ. ಸೀಳಿದ ಪಿಂಗಾಣಿಗೆ ಅಂಟು ಹಚ್ಚಿ ಕೊಡುತ್ತೇನೆ ಅಂದರೂ ನಂಬಬೇಡಿ. ಅದು ಯಾವಾಗ ಪೂರ್ತಿ ಬಿಡುತ್ತದೋ ಹೇಳಲಾಗದು. ಗೋಡೆಯೊಳಗೆ ಹುದುಗಿಸಿದ ಟ್ಯಾಂಕ್ ಆಗಿದ್ದು, ವಾಷರ್ ಬದಲಾಯಿಸಲು ಟೈಲ್ಸ್ ಒಡೆಯಬೇಕು ಅಂದರೂ ಒಪ್ಪಬೇಡಿ. ಬಟನ್ ಇರುವ ಪ್ಲೇಟ್ ತೆಗೆದರೆ ಒಳಗೆ ಕೈ ಹಾಕಲು ಜಾಗ ಇರುತ್ತದೆ.

ಹಾಗಂತ ಸುಮ್ನೆ ಬಿಡಲೂ ಬೇಡಿ. ನಿಮಿಷಕ್ಕೆ ಅರ್ಧ ಲೀಟರ್ ಸೋರಿದರೆ ದಿನಕ್ಕೆ 720 ಲೀಟರ್. ರಿಪೇರಿ ಆಗುವ ತನಕ ಆಂಗಲ್ ಕಾಕ್ ಮುಚ್ಚಿ, ಬಕೆಟ್‌ನಲ್ಲಿ ನೀರು ಹಾಕಿಕೊಳ್ಳಿ. ವರ್ಷಗಟ್ಟಲೆ ತಿರುಗಿಸದ ಕಾಕ್ ಗಟ್ಟಿಯಾಗಿದ್ದರೆ ಬಲ ಹಾಕಬೇಡಿ. ಮೊದಲು ಆ ಲೈನಿನ ಮುಖ್ಯ ವಾಲ್ವ್ ಎಲ್ಲಿದೆ ಅಂತ ನೋಡಿ, ಅದನ್ನು ಮುಚ್ಚಿ, ಆಮೇಲೆ ಕಾಕ್ ಮುಟ್ಟಿ.