ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ: ಐದು ಸಾವಿರದ ಆಸುಪಾಸಿನ ಮೀಡಿಯಾ ಪ್ಲೇಯರ್‌ಗಳು

"ಟಿವಿಗೆ ಹಾಕೋ ಬಾಕ್ಸ್ ತೋರಿಸ್ರಿ" ಅಂದರೆ ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಾಗಲಿ, ರಾಯಚೂರಿನ ತೀನ್ ಕಂದೀಲ್ ಹತ್ತಿರವಾಗಲಿ, ಬರುವುದು ಮೂರೇ ಥರದ ಮಾಲು. ಎಚ್‌ಡಿಎಂಐಗೆ ನೇರ ಸಿಕ್ಕಿಸುವ ಸ್ಟಿಕ್, ಯುಎಸ್‌ಬಿ ಇರುವ ಕಂಪನಿ ಬಾಕ್ಸ್, ಮತ್ತು ಮೈಮೇಲೆ '8 ಜಿಬಿ ರ‍್ಯಾಮ್, 128 ಜಿಬಿ' ಎಂದು ದಪ್ಪಕ್ಷರದಲ್ಲಿ ಬರೆದ ಹೆಸರಿಲ್ಲದ ಡಬ್ಬಿ.

ಮೂರನೆಯದನ್ನು ಮುಟ್ಟಬೇಡಿ. ಬರೆದಷ್ಟು ರ‍್ಯಾಮ್ ಒಳಗೆ ಇರುವುದು ಅಪರೂಪ. ಒಟಿಟಿ ಚಿತ್ರವನ್ನು ಕಳವಾಗದಂತೆ ಕಾಯುವ ಗೂಗಲ್‌ನ ಬೀಗ ವೈಡ್‌ವೈನ್; ಎಚ್‌ಡಿ ನೋಡಲು ಬೇಕಾದ ಅದರ ಮೇಲಿನ ದರ್ಜೆ, ಎಲ್1 ಪರವಾನಗಿ, ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಕೆಳದರ್ಜೆಯ ಎಲ್3 ಇರುತ್ತದೆ. ಹಾಗಾಗಿ ನೀವು ಎಷ್ಟೇ ದುಡ್ಡು ಕಟ್ಟಿದ್ದರೂ ನೆಟ್‌ಫ್ಲಿಕ್ಸ್ 480ಪಿ ದಾಟುವುದಿಲ್ಲ. ಅದಕ್ಕಿಂತ ಕೆಟ್ಟದ್ದೂ ಇದೆ. 2023ರಲ್ಲಿ ಟಿ95 ಎಂಬ ಇಂಥದೇ ಡಬ್ಬಿಯಲ್ಲಿ ಕಾರ್ಖಾನೆಯಿಂದಲೇ ಮಾಲ್‌ವೇರ್ ತುಂಬಿ ಬಂದಿದ್ದು ಪತ್ತೆಯಾಯಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಇಂಥ ಡಬ್ಬಿಗಳಲ್ಲಿ ಹರಡಿದ ಬ್ಯಾಡ್‌ಬಾಕ್ಸ್ 2.0 ಎಂಬ ಮಾಲ್‌ವೇರ್ ಜಾಲದ ಕುರಿತು ಎಚ್ಚರಿಕೆ ಕೊಟ್ಟಿತು. ಅನುಮಾನವಿದ್ದರೆ ಡಿಆರ್‌ಎಂ ಇನ್ಫೋ ಆ್ಯಪ್ ಹಾಕಿ ನೋಡಿ, ಎಲ್1 ಇದೆಯೋ ಎಲ್3 ಇದೆಯೋ ಅಲ್ಲೇ ಗೊತ್ತಾಗುತ್ತದೆ.

ಬರೀ ಒಟಿಟಿ, ಯೂಟ್ಯೂಬ್ ನೋಡುವವರಿಗೆ ಸ್ಟಿಕ್ ಸಾಕು. ಟಿವಿ ಫುಲ್ ಎಚ್‌ಡಿಯೇ ಆಗಿದ್ದರೂ 2 ಜಿಬಿ ರ‍್ಯಾಮ್ ಇರುವುದನ್ನೇ ತಗೊಳ್ಳಿ. ಫೈರ್ ಟಿವಿ ಸ್ಟಿಕ್ ಎಚ್‌ಡಿಯಲ್ಲಿ ಇರುವುದು 1 ಜಿಬಿ, ನಾಲ್ಕು ಆ್ಯಪ್ ಸೇರಿದ ಮೇಲೆ ರಿಮೋಟ್ ಒತ್ತಿ ಕಾಯುತ್ತ ಕೂರಬೇಕು. ಶಿಯೋಮಿ ಟಿವಿ ಸ್ಟಿಕ್ 4ಕೆಯಲ್ಲಿ 2 ಜಿಬಿ ಇದೆ.

ನಮ್ಮ ಕಡೆ ತಕರಾರು ಬರುವುದು ಒಟಿಟಿಯಲ್ಲಲ್ಲ, ಮದುವೆ ವಿಡಿಯೊದಲ್ಲಿ. ಸ್ಟುಡಿಯೊದವರು ಕೊಟ್ಟ ಪೆನ್‌ಡ್ರೈವ್ ಹಾಕಿದರೆ ವಾಲಗ ಕೇಳಿಸುತ್ತದೆ, ಚಿತ್ರ ಕಪ್ಪು. ಇಲ್ಲವೇ ಚಿತ್ರ ಒಂದೊಂದೇ ಫೋಟೊ ಥರ ನಿಂತು ನಿಂತು ಹೋಗುತ್ತದೆ. ಕಾರಣ ಇಷ್ಟು: ಈಗಿನ ಕ್ಯಾಮೆರಾಗಳು ಬಣ್ಣದ ವಿವರ ಹೆಚ್ಚು ಹಿಡಿಯುವ 10 ಬಿಟ್, 4:2:2 ರೂಪದಲ್ಲಿ ಶೂಟ್ ಮಾಡಬಲ್ಲವು. ಎಡಿಟಿಂಗ್ ಮುಗಿಸಿ ಅದೇ ರೂಪದಲ್ಲಿ ಕೊಟ್ಟರೆ ಅಗ್ಗದ ಬಾಕ್ಸಿನಲ್ಲಿ ವಿಡಿಯೊ ಬಿಚ್ಚಿ ತೋರಿಸುವ ಭಾಗ, ಡಿಕೋಡರ್, ಅದನ್ನು ಎತ್ತುವುದಿಲ್ಲ, ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಸ್ಟುಡಿಯೊದಲ್ಲಿ ಹೀಗೆ ಕೇಳಿ: ಎಂಪಿ4, ಎಚ್.264, 8 ಬಿಟ್, 4:2:0, 1920×1080. ಆಗಲೇ ಕೈಗೆ ಬಂದಿದ್ದರೆ ಕಂಪ್ಯೂಟರಿನಲ್ಲಿ ವಿಡಿಯೊ ರೂಪ ಬದಲಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶ ತೆರೆದು ಎಚ್.264, ಗುಣಮಟ್ಟದ ಆರ್‌ಎಫ್ ಅಂಕ 20, ಫ್ರೇಮ್ ರೇಟ್ ಮೂಲದಲ್ಲಿದ್ದಷ್ಟೇ ಇಟ್ಟು ತಿರುಗಿಸಿ.

ಇನ್ನೊಂದು ತೊಡಕು ಪೆನ್‌ಡ್ರೈವಿನದೇ. ಎಫ್‌ಎಟಿ32 ಫಾರ್ಮ್ಯಾಟ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಎಕ್ಸ್‌ಫ್ಯಾಟ್ ಮಾಡಿದರೆ ಕೂರುತ್ತದೆ, ಆದರೆ ಕೆಲವು ಪ್ಲೇಯರ್ ಅದನ್ನು ಓದುವುದಿಲ್ಲ, ಅದಕ್ಕೇ ಪೆನ್‌ಡ್ರೈವ್ ಒಯ್ದು ಅಂಗಡಿಯಲ್ಲೇ ಹಾಕಿ ನೋಡಿ. ಸ್ಟಿಕ್‌ನಲ್ಲಂತೂ ಪೆನ್‌ಡ್ರೈವ್ ಹಾಕಲು ಪೂರ್ತಿ ಅಳತೆಯ ಕಿಂಡಿಯೇ ಇಲ್ಲ, ಒಟಿಜಿ ಕೇಬಲ್ ಬೇಕು. ಆದ್ದರಿಂದ ಫೈಲ್ ಇಟ್ಟುಕೊಂಡು ನೋಡುವ ಮನೆಗೆ ಯುಎಸ್‌ಬಿ ಇರುವ ಕಂಪನಿ ಬಾಕ್ಸೇ ಸರಿ. 2020ರಲ್ಲಿ 3,499 ರೂಪಾಯಿಗೆ ಬಂದ ಮಿ ಬಾಕ್ಸ್ 4ಕೆ ಆ ಥರದ್ದು: 2 ಜಿಬಿ ರ‍್ಯಾಮ್, ಒಂದು ಯುಎಸ್‌ಬಿ 2.0. ಇಂಟರ್ನೆಟ್ ತಂತಿ ಸಿಕ್ಕಿಸುವ ಲ್ಯಾನ್ ಕಿಂಡಿ ಇಲ್ಲದಿರುವುದು ಅದರ ಕೊರತೆ. ಯುಎಸ್‌ಬಿ 3.0 ಇಲ್ಲವಲ್ಲ ಎಂದು ಕೊರಗಬೇಕಿಲ್ಲ. ಫುಲ್ ಎಚ್‌ಡಿ ಬ್ಲೂ-ರೇ ಚಿತ್ರ ಸೆಕೆಂಡಿಗೆ 40 ಮೆಗಾಬಿಟ್ ದಾಟುವುದಿಲ್ಲ, 2.0 ಕಾಗದದ ಮೇಲೆ 480ರದು. ಹಾರ್ಡ್‌ಡಿಸ್ಕ್ ಹಾಕುವವರು ಮಾತ್ರ ಹುಷಾರು. ಯುಎಸ್‌ಬಿ 2.0 ಕೊಡಬೇಕಾದ ಕರೆಂಟ್ 500 ಮಿಲಿಆಂಪಿಯರ್. ಡಿಸ್ಕ್ ತಿರುಗಲು ಶುರುವಾಗುವಾಗ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಟಕ್ ಟಕ್ ಸದ್ದು ಬಂದರೆ ಡಿಸ್ಕ್ ಕೆಟ್ಟಿದೆ ಅಂದುಕೊಳ್ಳುವ ಮೊದಲು ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಿ ನೋಡಿ. ಸ್ಟಿಕ್‌ಗೂ ಟಿವಿಯ ಯುಎಸ್‌ಬಿಯಿಂದ ಕರೆಂಟ್ ಕೊಡಬೇಡಿ, ಸಿನಿಮಾ ನಡುವೆ ತಾನಾಗಿ ಆಫ್ ಆಗಿ ಆನ್ ಆಗುವುದು ಬಹುತೇಕ ಅದಕ್ಕೇ. ಜೊತೆಗೆ ಬಂದ ಅಡಾಪ್ಟರನ್ನೇ ಬಳಸಿ.

ಚಿತ್ರ ಇದ್ದು ದನಿ ಇಲ್ಲದಿದ್ದರೆ ಆಡಿಯೊ ಡಿಟಿಎಸ್ ಎಂಬ ರೂಪದಲ್ಲಿ ಇರಬಹುದು, ಅದನ್ನು ಎಲ್ಲ ಟಿವಿಗಳೂ ಬಿಚ್ಚಲಾರವು. ವಿಎಲ್‌ಸಿ ಪ್ಲೇಯರ್ ಆ್ಯಪ್ ಹಾಕಿ, ಅದರ ಸೆಟ್ಟಿಂಗ್‌ನಲ್ಲಿ ದನಿಯನ್ನು ಬಿಚ್ಚದೆ ಟಿವಿಗೆ ಹಾಗೇ ದಾಟಿಸುವ ಪಾಸ್‌ಥ್ರೂ ಆಫ್ ಮಾಡಿ. ತೆಲುಗು, ಕನ್ನಡ ಎರಡೂ ದನಿ ಇರುವ ಫೈಲು ಪ್ರತಿಸಲ ತೆಲುಗಿನಲ್ಲೇ ಶುರುವಾಗುತ್ತದೆಯೇ? ಅಲ್ಲೇ ಇಷ್ಟದ ಆಡಿಯೊ ಭಾಷೆ ಕನ್ನಡ ಎಂದು ಆರಿಸಿ. ಬಳ್ಳಾರಿ ಮನೆಗಳಲ್ಲಿ ಇದರ ಮೇಲೆ ಜಗಳ ಆಗುವುದುಂಟು, ಯಾವ ಕಡೆ ಆರಿಸಬೇಕು ಅನ್ನುವುದು ನಿಮಗೆ ಬಿಟ್ಟದ್ದು.

ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಟಿವಿ ಹಿಂದೆ ಗೋಡೆಗೆ ಒತ್ತಿಕೊಂಡ ಸ್ಟಿಕ್, ಗಾಜಿನ ಶೋಕೇಸಿನೊಳಗಿನ ಬಾಕ್ಸ್ ಕಾದು ವೇಗ ಇಳಿಸಿಕೊಳ್ಳುತ್ತವೆ, ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ತಡವರಿಸಿದರೆ ಶಾಖವೇ ಕಾರಣ ಇರಬಹುದು. ಪೆಟ್ಟಿಗೆಯಲ್ಲಿ ಎಚ್‌ಡಿಎಂಐ ಎಕ್ಸ್‌ಟೆಂಡರ್ ತುಂಡು ಬಂದಿದ್ದರೆ ಅದನ್ನು ಹಾಕಿ ಸ್ಟಿಕ್ಕನ್ನು ಗಾಳಿಗೆ ಬಿಡಿ. ಕಲ್ಲುಗೋಡೆಯ ಹಳೇ ಮನೆಯಲ್ಲಿ 5 ಗಿಗಾಹರ್ಟ್ಸ್ ವೈಫೈ ಒಳಕೋಣೆಗೆ ಸಿಗುವುದು ಕಷ್ಟ, ರೌಟರನ್ನು ಟಿವಿ ಇರುವ ಪಡಸಾಲೆಗೇ ತನ್ನಿ.

ಕನ್ನಡ ಸಬ್‌ಟೈಟಲ್ ಅಕ್ಷರದ ಬದಲು ವಿಚಿತ್ರ ಗುರುತು ಕಾಣಿಸಿದರೆ ಸಬ್‌ಟೈಟಲ್ ಇರುವ ಎಸ್‌ಆರ್‌ಟಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಯುಟಿಎಫ್-8 ಆರಿಸಿ ಸೇವ್ ಮಾಡಿ. ಸಿನಿಮಾ ಫೈಲಿನ ಹೆಸರನ್ನೇ ಅದಕ್ಕೂ ಇಟ್ಟು, ಎರಡನ್ನೂ ಒಂದೇ ಫೋಲ್ಡರಿನಲ್ಲಿಡಿ.