ಮಹಡಿ ರೂಮಿನ ವೈಫೈ: ಒಂದು ರಿಪೀಟರ್, ಎರಡು ಡೆಕೊ, ಹದಿನೆಂಟು ಮೀಟರ್ ಕೇಬಲ್

ಮೈಸೂರಿನಲ್ಲಿ ನಮ್ಮದು 30×40 ಸೈಟಿನ ಮನೆ. ಫೈಬರ್ ಮೋಡೆಮ್ ಕೆಳಗಿನ ಹಾಲ್‌ನಲ್ಲಿ, ಟಿವಿ ಹಿಂದೆ. ನಾನು ಸಂಗೀತ ಹೇಳಿಕೊಡುವುದು ಮಹಡಿಯ ಹಿಂದಿನ ರೂಮಿನಲ್ಲಿ. ನಡುವೆ ಒಂದು ಆರ್‌ಸಿಸಿ ತಾರಸಿ, ಎರಡು ಇಟ್ಟಿಗೆ ಗೋಡೆ, ಅತ್ತೆಯವರ ಕಾಲದ ಕಬ್ಬಿಣದ ಬೀರು. ಬೆಳಗ್ಗೆ ಐದೂವರೆಗೆ, ಅಂದರೆ ನ್ಯೂಜೆರ್ಸಿಯಲ್ಲಿ ರಾತ್ರಿ ಎಂಟಕ್ಕೆ, ಒಂದು ಪುಟ್ಟ ಹುಡುಗಿ ಜಂಟಿವರಸೆ ಒಪ್ಪಿಸಲು ಕೂರುತ್ತಾಳೆ. ಸಸ ರಿರಿ ಗಗ... ಅಷ್ಟಕ್ಕೇ ಬಾಯಿ ತೆರೆದುಕೊಂಡು ಚಿತ್ರ ನಿಂತುಬಿಡುತ್ತಿತ್ತು. ಮತ್ತೆ ಬರುವಷ್ಟರಲ್ಲಿ ಅವಳು ಅವರೋಹಣದಲ್ಲಿ. ತಾಳ ತಪ್ಪಿದ್ದು ಅವಳೋ ನೆಟ್ಟೋ ಅಂತ ಹೇಗೆ ತಿದ್ದೋದು?

ನಮ್ಮದು 100 ಎಂಬಿಪಿಎಸ್ ಪ್ಲಾನ್. ಮೋಡೆಮ್ ಎದುರು ಫೋನ್ ಹಿಡಿದರೆ 94, ನನ್ನ ತಂಬೂರಿ ಪಕ್ಕ 3.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ, ಗೋಡೆಯ ಸಾಕೆಟ್ಟಿಗೆ ಚುಚ್ಚುವ ಒಂದು ಅಗ್ಗದ ರಿಪೀಟರ್. ಕಂಪನಿ ಹೆಸರು ಬೇಡ, ಅರ್ಧ ತಪ್ಪು ನನ್ನದೇ. ಸಿಗ್ನಲ್ ಇಲ್ಲದ ರೂಮಿನಲ್ಲೇ ಅದನ್ನು ಚುಚ್ಚಿದ್ದೆ. ತನಗೇ ಸರಿಯಾಗಿ ಕೇಳಿಸದ್ದನ್ನು ಅದು ಬೇರೆಯವರಿಗೆ ಏನು ಹೇಳೀತು? ಮೆಟ್ಟಿಲ ತಿರುವಿಗೆ, ಅಂದರೆ ಇನ್ನೂ ಚೆನ್ನಾಗಿ ಸಿಗ್ನಲ್ ಇರುವ ಕಡೆಗೆ ತಂದ ಮೇಲೆ ರೂಮಿನಲ್ಲಿ 18 ಬಂತು. ಉಳಿದರ್ಧ ತಪ್ಪು ಅದರ ಜಾಯಮಾನ. ಒಂದೇ ಬ್ಯಾಂಡಿನ, ಅಂದರೆ ಒಂದೇ ರೇಡಿಯೋ ಅಲೆಪಟ್ಟಿಯ ರಿಪೀಟರ್ ಕೇಳಿಸಿಕೊಳ್ಳುವುದೂ ಅದೇ ಚಾನೆಲ್ಲಿನಲ್ಲಿ, ಮುಂದಕ್ಕೆ ಹೇಳುವುದೂ ಅದರಲ್ಲೇ. ಎರಡೂ ಒಟ್ಟಿಗೆ ಆಗದು, ವೇಗ ಹೆಚ್ಚುಕಮ್ಮಿ ಅರ್ಧ. ಸಾಲದ್ದಕ್ಕೆ ಅದರ ವೈಫೈಗೆ ಬೇರೆ ಹೆಸರು. ನಾನು ಕೆಳಗಿನಿಂದ ಮೇಲೆ ಬಂದರೂ ಫೋನು ಕೆಳಗಿನ ವೈಫೈ ಸೆರಗನ್ನೇ ಹಿಡಿದುಕೊಂಡಿರುತ್ತಿತ್ತು.

ಆಮೇಲೆ ಕೊಂಡದ್ದು ಟಿಪಿ-ಲಿಂಕ್‌ನವರ ಡೆಕೊ ಎಂ4, ಎರಡರ ಪ್ಯಾಕ್. ಎರಡೂ ಸೇರಿ ಮನೆಗೆಲ್ಲ ಒಂದೇ ವೈಫೈ ಹರಡುವ ಮೆಶ್ ಸೆಟ್ಟು. ಆರು ಸಾವಿರದ ಆಸುಪಾಸು ಆಯಿತು. ಉಪ್ಪಿನಕಾಯಿ ಭರಣಿಯಂಥ ಬಿಳಿ ಡಬ್ಬಗಳು. ಆಂಟೆನಾ ಹೊರಗೆ ಕಾಣುವುದಿಲ್ಲ. ಪ್ರತಿಯೊಂದರ ಹಿಂದೆ ನೆಟ್ ಕೇಬಲ್ ಚುಚ್ಚುವ ಎರಡು ಗಿಗಾಬಿಟ್ ಪೋರ್ಟು. ಈ ಪೋರ್ಟುಗಳ ಮಹಿಮೆ ಆಮೇಲೆ ಹೇಳುತ್ತೇನೆ. ಜೋಡಣೆಗೆ ಫೋನಿನಲ್ಲಿ ಆಪ್ ಬೇಕು, ಇಮೇಲ್ ಕೊಟ್ಟು ಖಾತೆ ತೆರೆಯಬೇಕು. ಅದು ನನಗೇನೂ ಇಷ್ಟವಾಗಲಿಲ್ಲ, ಆದರೂ ಕಾಲು ಗಂಟೆಯಲ್ಲಿ ಮುಗಿಯಿತು. ಒಂದು ಮಾತು ಮರೆಯಬೇಡಿ: ಮೋಡೆಮ್ ತಾನೇ ರೂಟರ್ ಕೆಲಸವನ್ನೂ ಮಾಡುತ್ತಿದ್ದರೆ, ಆಪಿನಲ್ಲಿ ಆಪರೇಷನ್ ಮೋಡ್‌ಗೆ ಹೋಗಿ ಡೆಕೊವನ್ನು ಆಕ್ಸೆಸ್ ಪಾಯಿಂಟ್ (ವೈಫೈ ಹರಡುವುದಷ್ಟೇ ಅದರ ಕೆಲಸ) ಮಾಡಿ, ಮೋಡೆಮ್‌ನ ಸ್ವಂತ ವೈಫೈ ಆಫ್ ಮಾಡಿ. ಒಂದು ಮನೆಗೆ ಇಬ್ಬರು ಯಜಮಾನರು ಬೇಡ.

ವೈರಿಲ್ಲದೆ ಎರಡನ್ನೂ ಇಟ್ಟಾಗ ನನ್ನ ರೂಮಿನಲ್ಲಿ 45. ಹೆಸರು ಒಂದೇ, ಫೋನು ತಾನಾಗಿ ಹತ್ತಿರದ ಡಬ್ಬಕ್ಕೆ ಹೋಗುತ್ತೆ. ಆದರೆ ಎಂ4ನಲ್ಲಿ ಇರುವುದು 2.4 ಮತ್ತು 5 ಗಿಗಾಹರ್ಟ್ಸ್ ಎರಡೇ ಬ್ಯಾಂಡು, ಡಬ್ಬಗಳು ತಮ್ಮತಮ್ಮಲ್ಲಿ ಮಾತಾಡಲು ಮೂರನೆಯದಿಲ್ಲ. 5ರದ್ದು ವೇಗ ಜಾಸ್ತಿ, ಗೋಡೆ ಕಂಡರೆ ಸುಸ್ತು. ಪಕ್ಕದ ಬೀದಿಯ ಗಣೇಶನ ಪೆಂಡಾಲು ನೆನೆಸಿಕೊಳ್ಳಿ: ಡೋಲಿನ ಗುಮ್ಮು ಮನೆಯೊಳಗೆ ಬರುತ್ತೆ, ಹಾಡಿನ ಸಾಹಿತ್ಯ ಬರಲ್ಲ. ಹೆಚ್ಚುಕಮ್ಮಿ ಹಾಗೆ.

ಕೊನೆಗೆ ಕೆಲಸ ಆಗಿದ್ದು ಎಲೆಕ್ಟ್ರಿಷಿಯನ್ ಹುಡುಗನಿಂದ. "ಟೀಚರ್, ಹಳೇ ಕೇಬಲ್ ಟಿವಿ ಪೈಪ್ ಖಾಲಿನೇ ಇದ್ಯಲ್ಲಾ, ಅದ್ರಲ್ಲೇ ಎಳೀತೀನಿ" ಅಂದ. ಕರೆಂಟಿನ ಪೈಪಿನಲ್ಲಿ ಮಾತ್ರ ಬೇಡ ಅಂತ ಅವನೇ ಹೇಳಿದ. ಸ್ಪ್ರಿಂಗ್ ತೂರಿಸಿ, ಅದರ ತುದಿಗೆ ಕ್ಯಾಟ್-6 ನೆಟ್ ಕೇಬಲ್ ಕಟ್ಟಿ ಎಳೆದ. ಎಲ್ಲೋ ಬೆಂಡಿನಲ್ಲಿ ಸಿಕ್ಕಿಕೊಂಡಿತು. ಕೇಬಲ್ಲಿಗೆ ಬಟ್ಟೆ ಸೋಪು ಸವರಿ, ನಾನು ಮೇಲಿನಿಂದ ಎಳೆದು, ಅವನು ಕೆಳಗಿನಿಂದ ದೂಡಿ, ಇಂಚಿಂಚಾಗಿ ಬಂತು. ಮೇಲಕ್ಕೆ ಬಂದ ತುದಿಯ ಜೊತೆಗೆ ಒಂದು ಒಣಗಿದ ಹಲ್ಲಿಯೂ ಬಂತು. ಹದಿನೆಂಟು ಮೀಟರ್ ಹಿಡಿಯಿತು. ಇಂಥ ಈಥರ್ನೆಟ್ ಕೇಬಲ್ಲಿಗೆ 100 ಮೀಟರ್‌ವರೆಗೂ ಚಿಂತೆಯಿಲ್ಲ. ಎಂಟು ಎಳೆಗಳನ್ನು ಬಣ್ಣದ ಕ್ರಮದಲ್ಲಿ ಜೋಡಿಸಿ ಕ್ರಿಂಪ್ ಮಾಡುವಾಗ ಅವನ ನಾಲಿಗೆ ಹಲ್ಲಿನ ನಡುವೆ. ಎರಡೂ ತುದಿ ಆ ಪೋರ್ಟುಗಳಿಗೆ ಚುಚ್ಚಿದ. 92.

ವೈರ್ ಎಳೆಯಲು ದಾರಿಯಿದ್ದರೆ ಈ ಜೋಡಿಯನ್ನು ಕಣ್ಣು ಮುಚ್ಚಿ ತಗೊಳ್ಳಿ. ದಾರಿಯಿಲ್ಲದಿದ್ದರೂ ಪಾಠ, ಆಫೀಸ್ ಮೀಟಿಂಗಿಗೆ 45 ಧಾರಾಳ. 300ರ ಪ್ಲಾನ್ ಇಟ್ಟುಕೊಂಡು ಅಷ್ಟನ್ನೂ ವೈರಿಲ್ಲದೆ ಮಹಡಿಗೆ ಹತ್ತಿಸುತ್ತೇನೆ ಅನ್ನುವವರಿಗೆ ಇದು ಸಾಲದು. ಇದು ವೈಫೈ 5, ಅಂದರೆ ಹಳೆಯ ಪೀಳಿಗೆಯದು, ಅವರು ಮೂರು ಬ್ಯಾಂಡಿನದ್ದು ನೋಡಲಿ. ಕರೆಂಟ್ ಹೋದಾಗ ಮೋಡೆಮ್ ಜೊತೆ ಎರಡೂ ಡಬ್ಬ ನಡೆಯಬೇಕು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮಲ್ಲಿ ಇಡೀ ಮನೆಗೆ ಇನ್ವರ್ಟರ್ ಇದೆ.

ಹಾಂ, ಖರ್ಚು ಮಾಡುವ ಮೊದಲು ಬೀರು ಸರಿಸಿ ನೋಡಿ. ನಾವು ವೈರ್ ಎಳೆಯಲು ಸರಿಸಿದಾಗ 3 ಇದ್ದದ್ದು ಬರೀ ಮೋಡೆಮ್ ವೈಫೈನಲ್ಲೇ 9 ಆಗಿತ್ತು. ಹಳೆಯ ರಿಪೀಟರನ್ನು ನನ್ನ ತಮ್ಮ ಕೇಳಿದ್ದಾನೆ. ಎಲ್ಲಿ ಚುಚ್ಚಬೇಕು ಅಂತ ಬರೆದ ಚೀಟಿಯನ್ನೂ ಅದಕ್ಕೇ ಅಂಟಿಸಿಟ್ಟಿದ್ದೇನೆ.