ಬರೀ ಗೆರೆ ಸಾಕಾ, ನಡುವೆ ಕಟ್ಟೆ ಬೇಕಾ? ಮೂರು ದಾರಿಗಳಲ್ಲಿ ಸೈಕಲ್ ತುಳಿದ ಮೇಲೆ

ಕೆಲಸಕ್ಕೆ ಹೋಗಲು ನನಗೆ ಮೂರು ದಾರಿಗಳಿವೆ. ಮೂರರಲ್ಲೂ ತಿಂಗಳುಗಟ್ಟಲೆ ಸೈಕಲ್ ತುಳಿದಿದ್ದೇನೆ. ಒಂದರಲ್ಲಿ ಸೈಕಲ್‌ಗೆ ಅಂತ ಏನೂ ಇಲ್ಲ. ಇನ್ನೊಂದರ ಅಂಚಿಗೆ ಬಿಳಿ ಗೆರೆ ಎಳೆದು ಸೈಕಲ್ ಚಿತ್ರ ಬರೆದಿದ್ದಾರೆ. ಮೂರನೆಯದರಲ್ಲಿ ಫುಟ್‌ಪಾತ್ ಪಕ್ಕದಲ್ಲೇ ಸೈಕಲ್ ಪಥ, ಅದರಾಚೆ ಸಣ್ಣ ಕಾಂಕ್ರೀಟ್ ಕಟ್ಟೆ, ಕಟ್ಟೆಯಾಚೆ ಕಾರು ನಿಲ್ಲಿಸುವ ಜಾಗ.

ಮೊದಲನೆಯದು ಎಲ್ಲಕ್ಕಿಂತ ಹತ್ತಿರದ ದಾರಿ. ಆದರೆ ತಲುಪುವಷ್ಟರಲ್ಲಿ ಹೆಗಲು ಬಿಗಿದುಕೊಂಡಿರುತ್ತದೆ. ಅದರ ಬಗ್ಗೆ ಇಷ್ಟು ಸಾಕು.

ಗೆರೆಯ ದಾರಿ ಮೊದಮೊದಲು ಖುಷಿ ಕೊಟ್ಟಿತು. ಆದರೆ ಗೆರೆ ಯಾರನ್ನೂ ತಡೆಯುವುದಿಲ್ಲ, ಅಲ್ವಾ? ಎರಡೇ ನಿಮಿಷ ಅಂತ ಯಾರೋ ಕಾರು ನಿಲ್ಲಿಸಿರುತ್ತಾರೆ, ಮುಂದೆ ಸಾಮಾನು ಇಳಿಸುವ ವ್ಯಾನು, ಅದನ್ನು ಸುತ್ತಿಕೊಂಡು ಹೋಗಬೇಕೆಂದರೆ ಹಿಂದೆ ತಿರುಗಿ ನೋಡುತ್ತಾ ವೇಗದ ವಾಹನಗಳ ನಡುವೆ ನುಗ್ಗಬೇಕು. ಅದಕ್ಕಿಂತ ದೊಡ್ಡ ಭಯ ಕಾರಿನ ಬಾಗಿಲು. ಪೂರ್ತಿ ತೆರೆದರೆ ಸುಮಾರು 1 ಮೀಟರ್ ಚಾಚಿಕೊಳ್ಳುತ್ತದೆ. ಲೇನ್ ಇರುವುದೇ ಒಂದೂವರೆ ಮೀಟರ್. ಒಮ್ಮೆ ಹಾಗೇ ಬಾಗಿಲಿಗೆ ಬಡಿದು ಬಿದ್ದೆ, ಮೊಣಕೈ ತರಚಿತು. ಅವತ್ತಿನಿಂದ ನಿಂತ ಪ್ರತಿ ಕಾರಿನೊಳಗೂ ತಲೆ ಕಾಣುತ್ತಾ ಅಂತ ನೋಡಿಕೊಂಡೇ ಹೋಗುತ್ತೇನೆ.

ಕಟ್ಟೆ ಇರುವ ದಾರಿ ಸ್ವಲ್ಪ ಸುತ್ತು. ಆದರೂ ಯಾವ ಹೊತ್ತಿಗೆ ತಲುಪುತ್ತೇನೆ ಅಂತ ಮೊದಲೇ ಗೊತ್ತಿರುತ್ತದೆ, ವಾಹನಗಳು ಸಾಲುಗಟ್ಟಿ ನಿಂತಿದ್ದರೂ ನನಗೆ ತಡೆ ಇಲ್ಲ. ನಾನು ಎದುರು ನೋಡದಿದ್ದ ಲಾಭ ಬೇರೆಯೇ ಇತ್ತು. ಮೊದಲ ಎರಡು ದಾರಿಗಳಲ್ಲಿ ಯಾವ ಅಂಗಡಿ ಎಲ್ಲಿದೆ ಅಂತ ಕೇಳಿದರೆ ಇವತ್ತಿಗೂ ಹೇಳಲಾರೆ, ಕಣ್ಣೆಲ್ಲ ಮುಂದಿನ ವಾಹನದ ಮೇಲೆಯೇ ಇರುತ್ತದೆ. ಇಲ್ಲಿ ಕೆಲವೇ ವಾರಗಳಲ್ಲಿ ಬಹುತೇಕ ಅಂಗಡಿಗಳ ಪರಿಚಯವಾಯಿತು. ಕಾಲು ಊರಿದರೆ ಅಂಗಡಿ ಬಾಗಿಲು. ಒಂದು ಸಲಕ್ಕೆ ಕೊಳ್ಳುವುದು ಕಡಿಮೆ, ಹೋಗುವುದು ಮಾತ್ರ ಜಾಸ್ತಿ.

ನ್ಯೂಯಾರ್ಕಿನ 9ನೇ ಅವೆನ್ಯೂದಲ್ಲಿ 2007ರಲ್ಲಿ ಹೀಗೇ ಮಾಡಿದರು, ಪಾರ್ಕಿಂಗನ್ನು ಹೊರಕ್ಕೆ ಸರಿಸಿ ಅದರ ಮರೆಯಲ್ಲಿ ಸೈಕಲ್ ಪಥ. ನಗರದ ಸಾರಿಗೆ ಇಲಾಖೆ 2012ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಅಲ್ಲಿನ ಒಂದು ಭಾಗದ ಸ್ಥಳೀಯ ಅಂಗಡಿಗಳ ಮಾರಾಟ 49% ವರೆಗೆ ಏರಿತ್ತು, ಆ ರಸ್ತೆ ಇರುವ ಮ್ಯಾನ್‌ಹಟನ್ ಅನ್ನುವ ನಗರ ಭಾಗದಲ್ಲಿ ಒಟ್ಟಾರೆ ಏರಿದ್ದು 3%. ಅಷ್ಟೂ ಸೈಕಲ್ ಪಥದಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಆದರೆ ಪಥ ಬಂದರೆ ವ್ಯಾಪಾರ ಮುಳುಗುತ್ತದೆ ಅನ್ನುವ ಮಾತು ಅಲ್ಲಿ ನಿಜವಾಗಲಿಲ್ಲ. ಒಂದು ಕಾರು ನಿಲ್ಲುವಷ್ಟು ಜಾಗದಲ್ಲಿ ಸುಮಾರು 10 ಸೈಕಲ್ ನಿಲ್ಲುತ್ತವೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ವಾ?

ಅಂಗಡಿಯವರ ಒಂದು ದೂರು ಮಾತ್ರ ನ್ಯಾಯವಾದದ್ದು. ಸಾಮಾನಿನ ಗಾಡಿ ಎಲ್ಲಿ ನಿಲ್ಲಬೇಕು? ಅದಕ್ಕೆ ಜಾಗ ಗುರುತು ಮಾಡದಿದ್ದರೆ ಪಥ ಹಾಕಿದ್ದು ಅರ್ಧ ಕೆಲಸ.

ಕಟ್ಟೆಯ ದಾರಿಯಲ್ಲೂ ಕೊರತೆ ಇದೆ. ತಿರುವುಗಳಲ್ಲಿ ನಿಂತ ಕಾರುಗಳ ಮರೆಯಲ್ಲಿ ನಾವು ಬರುವುದು ತಿರುಗುವ ಚಾಲಕರಿಗೆ ಕಾಣುವುದೇ ಇಲ್ಲ, ನಾನಂತೂ ಅಲ್ಲಿ ಬ್ರೇಕ್ ಮೇಲೆ ಕೈ ಇಟ್ಟೇ ಹೋಗುತ್ತೇನೆ. ತಿರುವಿಗೆ ಮುಂಚಿನ ಕೆಲವು ಮೀಟರ್‌ಗಳಲ್ಲಿ ಪಾರ್ಕಿಂಗ್ ತೆಗೆಯಲೇಬೇಕು. ಕಸ ಗುಡಿಸುವ ದೊಡ್ಡ ಗಾಡಿಯೂ ಒಳಗೆ ಹಿಡಿಸುವುದಿಲ್ಲ, ಮಳೆಯಾದ ಮೇಲೆ ಎಲೆ, ಗಾಜಿನ ಚೂರು ಅಲ್ಲೇ ಉಳಿಯುತ್ತವೆ.

ಇಷ್ಟಾದರೂ ನಾನು ದಿನಾ ಹೋಗುವುದು ಆ ದಾರಿಯಲ್ಲೇ. ಈಗ ತಂಗಿಯೂ ಸೈಕಲ್ ತೆಗೆದುಕೊಂಡು ಜೊತೆಗೆ ಬರುತ್ತಾಳೆ. ಗೆರೆಯ ದಾರಿ ಹತ್ತಿರ ಅಲ್ವಾ ಅಂತ ಒಮ್ಮೆ ಕೇಳಿದಳು. ಅಲ್ಲಿಗೆ ಕರೆದುಕೊಂಡು ಹೋಗಲು ನನಗೆ ಮನಸ್ಸು ಬರಲಿಲ್ಲ.